ಮದುವೆಗೆ ಬಿಷಪ್ ಅನುಮತಿ ಯಾಕೆ ಬೇಕು? ಸಭೆಯಲ್ಲಿ ಕೊನೆಯ ಮಾತು ಯಾರದು?

ಬೆಟ್ಟದ ತಪ್ಪಲು, ಕೋಲಾರ

ಎಲ್ಲರಿಗೂ ನಮಸ್ಕಾರ. ನಾನು ಮೆಥಡಿಸ್ಟ್ ಸಭೆಯವಳು. ಹುಟ್ಟಿ ಬೆಳೆದದ್ದೆಲ್ಲ ಕೋಲಾರ ಟೌನಿನಲ್ಲೇ. ನಮ್ಮ ಮಹಡಿ ಹತ್ತಿದರೆ ಅಂತರಗಂಗೆ ಬೆಟ್ಟ ಕಾಣುತ್ತದೆ. ತಾತ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಮೂರು ತಲೆಮಾರಿನಿಂದ ನಮ್ಮದು ಅದೇ ಸಭೆ.

ನನಗೆ ಮದುವೆ ಗೊತ್ತಾಗಿದೆ. ಹುಡುಗ ಕ್ಯಾಥೋಲಿಕ್, ಕೆ.ಜಿ.ಎಫ್. ಕಡೆಯವರು. ಎರಡೂ ಮನೆಯವರು ಸಂತೋಷವಾಗಿ ಒಪ್ಪಿದ್ದಾರೆ. ಕಳೆದ ವಾರ ಅವರ ಚರ್ಚಿನ ಆಫೀಸಿಗೆ ಹೋಗಿದ್ದೆವು. ಫಾದರ್ ಚೆನ್ನಾಗಿಯೇ ಮಾತಾಡಿಸಿದರು, ಕಾಫಿ ಕೊಟ್ಟರು. ಆಮೇಲೆ ಒಂದು ಫಾರಂ ತೆಗೆದರು. ಹುಡುಗ ಅದಕ್ಕೆ ಸಹಿ ಹಾಕಬೇಕು. ತನ್ನ ಕ್ಯಾಥೋಲಿಕ್ ವಿಶ್ವಾಸ ಬಿಡುವುದಿಲ್ಲ ಅಂತ ಒಂದು ಮಾತು. ಹುಟ್ಟುವ ಮಕ್ಕಳಿಗೆಲ್ಲ ಕ್ಯಾಥೋಲಿಕ್ ಧರ್ಮಸಭೆಯಲ್ಲೇ ದೀಕ್ಷಾಸ್ನಾನ ಕೊಡಿಸಿ, ಅಲ್ಲೇ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಇನ್ನೊಂದು. ಆ ಕಾಗದ ಬೆಂಗಳೂರಿಗೆ, ಮಹಾಧರ್ಮಾಧ್ಯಕ್ಷರ (ಆರ್ಚ್‌ಬಿಷಪ್ಪರ) ಕಚೇರಿಗೆ ಹೋಗಬೇಕಂತೆ. ಅಲ್ಲಿಂದ ಅನುಮತಿ ಬಂದ ಮೇಲೆ ಮದುವೆ.

ಮನೆಗೆ ಬಂದು ತಾತನಿಗೆ ಹೇಳಿದೆ. ಅವರ ಸತ್ಯವೇದದ (ಬೈಬಲಿನ) ರಟ್ಟು ಕಿತ್ತು ಬಂದು ಎಷ್ಟೋ ವರ್ಷ ಆಗಿದೆ. ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಸುತ್ತಿ ಅಂಟಿಸಿಕೊಂಡಿದ್ದಾರೆ. ಒಳಗೆ ಪುಟಪುಟಕ್ಕೂ ಕೆಂಪು ಪೆನ್ಸಿಲ್ ಗೆರೆ. ಅದನ್ನು ತಂದು ನನ್ನ ಮುಂದಿಟ್ಟು, "ಆ ಫಾರಮ್ಮಲ್ಲಿ ಇರೋದು ಇದರಲ್ಲಿ ಎಲ್ಲಿದೆ ತೋರಿಸಮ್ಮ" ಅಂದರು. ಕೋಪ ಮಾಡಿಕೊಳ್ಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದರು. ನನಗೆ ಉತ್ತರ ಬರಲಿಲ್ಲ.

ನನಗೆ ಜಗಳ ಬೇಡ. ಹುಡುಗನನ್ನೂ ಬಿಡಲ್ಲ, ತಾತನನ್ನೂ ನೋಯಿಸಲ್ಲ. ಎರಡು ಕಡೆಯವರೂ ಯೇಸುವನ್ನೇ ನಂಬುತ್ತೇವೆ. ಹಾಗಿದ್ದ ಮೇಲೆ ಒಬ್ಬ ಬಿಷಪ್ಪಿಗೆ ನಮ್ಮ ಮದುವೆ ಮೇಲೆ ಈ ಅಧಿಕಾರ ಎಲ್ಲಿಂದ ಬಂತು? ತಿಳಿದವರು ದಯವಿಟ್ಟು ಸರಿಯಾಗಿ ಹೇಳಿ.

ಮುಳಬಾಗಿಲು ಹುಡುಗ

ಅಕ್ಕ, ನೇರವಾಗಿ ಹೇಳುತ್ತೇನೆ. ಸಹಿ ಹಾಕಿಸಬೇಡಿ. ಪೋಪ್ ಹೇಳಿದ್ದೆಲ್ಲ ತಪ್ಪೇ ಇಲ್ಲದ ಮಾತು ಅಂತ ಅವರು ನಂಬುತ್ತಾರೆ. ಮನುಷ್ಯ ಅಂದ ಮೇಲೆ ತಪ್ಪು ಮಾಡಲ್ವಾ? ನಮಗೆ ಸತ್ಯವೇದದ ವಾಕ್ಯ ಒಂದೇ ಸಾಕು.

ಉಪದೇಶಿ ಮಗ, ಕೆ.ಜಿ.ಎಫ್.

ತಮ್ಮಾ, ಸ್ವಲ್ಪ ತಾಳು. ನೀನು ಹೇಳಿದ್ದನ್ನು ನಾವು ನಂಬುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಂಗಿಯ ಪ್ರಶ್ನೆ.

ನಮ್ಮಪ್ಪ ಮೂವತ್ತು ವರ್ಷ ಉಪದೇಶಿಯಾಗಿದ್ದರು. ಗಣಿ ಕಾಲೋನಿಯ ಮನೆಮನೆಗೆ ಹೋಗಿ ಮಕ್ಕಳಿಗೆ ಜಪ ಕಲಿಸುತ್ತಿದ್ದರು. ಅಧಿಕಾರ ಎಲ್ಲಿಂದ ಬಂತು ಅಂತ ಕೇಳಿದರೆ ಅವರು ಬೈಬಲಿನಲ್ಲಿ ಮತ್ತಾಯ 16ನೇ ಅಧ್ಯಾಯ ತೆಗೆಯುತ್ತಿದ್ದರು. ಯೇಸುಸ್ವಾಮಿ ತಮ್ಮ ಶಿಷ್ಯ ಸೀಮೋನನ ಹೆಸರನ್ನೇ ಬದಲಾಯಿಸಿ, ನೀನು ಪೇತ್ರ, ಈ ಬಂಡೆಯ ಮೇಲೆ ನನ್ನ ಧರ್ಮಸಭೆಯನ್ನು ಕಟ್ಟುತ್ತೇನೆ, ಸ್ವರ್ಗದ ಬೀಗದ ಕೈಗಳನ್ನು ನಿನಗೆ ಕೊಡುತ್ತೇನೆ ಅನ್ನುತ್ತಾರೆ. ಕನ್ನಡದಲ್ಲಿ ಓದಿದರೆ ಪೇತ್ರ ಬೇರೆ, ಬಂಡೆ ಬೇರೆ ಅನಿಸುತ್ತದೆ. ಯೇಸು ಆಡುತ್ತಿದ್ದ ಅರಮಾಯಿಕ್ ಮಾತಿನಲ್ಲಿ ಎರಡಕ್ಕೂ ಒಂದೇ ಪದ, ಕೇಫ. ನಮ್ಮ ಕೋಲಾರದ ಕಡೆ ಬಂಡೆ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕಟ್ಟಬೇಕಾದರೆ ಬಂಡೆ ಸಿಕ್ಕಿತು ಅಂದರೆ ಪಾಯದ ಚಿಂತೆ ಬಿಟ್ಟ ಹಾಗೆ.

ಬೀಗದ ಕೈ ಮಾತಿಗೂ ಹಿನ್ನೆಲೆ ಇದೆ. ಯೆಶಾಯ 22ರಲ್ಲಿ ರಾಜನ ಮನೆಯ ಉಸ್ತುವಾರಿಗೆ ದಾವೀದನ ಮನೆಯ ಬೀಗದ ಕೈ ಕೊಡುತ್ತಾರೆ. ಮನೆ ರಾಜನದೇ. ಕೀಲಿ ಮಾತ್ರ ಉಸ್ತುವಾರಿಯ ಕೈಯಲ್ಲಿ. ಅವನು ಹೋದರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಪೋಪ್, ಬಿಷಪ್ ಅಂದರೆ ನಮಗೆ ಅದೇ. ಪ್ರೇಷಿತರು, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರು, ತಮ್ಮ ನಂತರದವರ ತಲೆ ಮೇಲೆ ಕೈಯಿಟ್ಟರು, ಅವರು ಮುಂದಿನವರ ಮೇಲೆ ಇಟ್ಟರು. ಅದು ಇವತ್ತಿನವರೆಗೂ ಕಡಿಯದೆ ಬಂದಿದೆ ಅಂತ ನಮ್ಮ ನಂಬಿಕೆ.

ಫಾದರ್ ಆಗುವವರಿಗೆ ಕೊಡುವ ಗುರುದೀಕ್ಷೆಯನ್ನು ಒಂದು ಸಲ ನೋಡಿ. ಹುಡುಗ ಮೊಣಕಾಲೂರಿರುತ್ತಾನೆ. ಧರ್ಮಾಧ್ಯಕ್ಷರು (ಬಿಷಪ್) ಎರಡೂ ಕೈ ತಲೆ ಮೇಲೆ ಇಡುತ್ತಾರೆ. ಆಗ ಒಂದು ಮಾತೂ ಇಲ್ಲ, ಹಾಡೂ ಇಲ್ಲ. ಆಮೇಲೆ ಬಂದಿರುವ ಗುರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಕೈಯಿಟ್ಟು ಹೋಗುತ್ತಾರೆ. ನನ್ನ ತಮ್ಮನ ಮಗನಿಗೆ ದೀಕ್ಷೆ ಆದಾಗ ಆ ಮೌನದಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆ ಕೈಗಳ ಸಾಲು ಪೇತ್ರನವರೆಗೆ ಹೋಗುತ್ತದೆ ಅಂತ ನೆನೆದು ನನಗೆ ಕಣ್ಣಲ್ಲಿ ನೀರು ಬಂತು.

ಈಗ ಮುಳಬಾಗಿಲು ತಮ್ಮನಿಗೆ. ಪೋಪ್ ಹೇಳಿದ್ದೆಲ್ಲ ತಪ್ಪಿಲ್ಲದ್ದು ಅಂತ ಧರ್ಮಸಭೆ ಎಂದೂ ಹೇಳಿಲ್ಲ. 1870ರಲ್ಲಿ ಬಿಷಪ್ಪರೆಲ್ಲ ಕೂಡಿದ ಮೊದಲನೇ ವ್ಯಾಟಿಕನ್ ಸಭೆ ಹೇಳಿದ್ದು ಇಷ್ಟು: ಪೇತ್ರನ ಪೀಠದಿಂದ, ಅಂದರೆ ಪೋಪರ ಸ್ಥಾನದಿಂದ, ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ, ಇಡೀ ಧರ್ಮಸಭೆ ಒಪ್ಪಲೇಬೇಕು ಅಂತ ತೀರ್ಮಾನವಾಗಿ ಘೋಷಿಸಿದಾಗ ಮಾತ್ರ ದೇವರು ಅವರನ್ನು ತಪ್ಪದ ಹಾಗೆ ಕಾಯುತ್ತಾರೆ. ಆಮೇಲೆ ಹಾಗೆ ಘೋಷಿಸಿದ್ದು ಒಂದೇ ಸಲ. 1950ರ ನವೆಂಬರ್ 1ರಂದು, ಹನ್ನೆರಡನೇ ಪಿಯುಸ್, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಬಗ್ಗೆ. ಪೋಪರೂ ಪಾಪನಿವೇದನೆ ಮಾಡುತ್ತಾರೆ. ಅವರೂ ಪಾಪಿಯೇ.

ಮಾವಿನ ತೋಪು, ಶ್ರೀನಿವಾಸಪುರ

ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ನಿವೃತ್ತ ಮೇಷ್ಟ್ರು. ಉಪದೇಶಿಯವರ ಮಗ ಹೇಳಿದ್ದು ಮನಸ್ಸಿಗೆ ಮುಟ್ಟಿತು. ಆದರೆ ನಮ್ಮ ಕಡೆಯ ಮಾತನ್ನೂ ಪೂರ್ತಿ ಇಡಬೇಕು. ಅದು ಬರೀ "ವಾಕ್ಯ ಒಂದೇ ಸಾಕು" ಅನ್ನುವಷ್ಟು ಚಿಕ್ಕದಲ್ಲ.

ಬಂಡೆ ಯಾವುದು ಅನ್ನುವುದು ಇವತ್ತಿನ ಜಗಳ ಅಲ್ಲ. ಸಂತ ಅಗಸ್ಟೀನರೇ ಕೊನೆಗಾಲದಲ್ಲಿ ತಮ್ಮ ಹಳೆಯ ಬರಹಗಳನ್ನು ಮತ್ತೆ ನೋಡುವಾಗ ಎರಡು ಅರ್ಥವನ್ನೂ ಬರೆದಿಟ್ಟರು. ಬಂಡೆ ಪೇತ್ರ ಅಂತ ಹಿಂದೆ ಹೇಳಿದ್ದೆ, ಪೇತ್ರ ಒಪ್ಪಿಕೊಂಡ ಕ್ರಿಸ್ತನೇ ಬಂಡೆ ಅಂತಲೂ ಆಮೇಲೆ ಹೇಳಿದ್ದೇನೆ, ಯಾವುದು ಸರಿ ಅಂತ ಓದುವವರು ಆರಿಸಿಕೊಳ್ಳಲಿ ಅಂದರು. ಎರಡೂ ಸಭೆಯವರು ಗೌರವಿಸುವ ಹಿರಿಯರ ಮಾತು ಇದು. ಇನ್ನು ಬೀಗದ ಕೈ ಜೊತೆಗೆ ಪೇತ್ರನಿಗೆ ಕೊಟ್ಟ ಕಟ್ಟುವ, ಬಿಚ್ಚುವ ಅಧಿಕಾರವನ್ನು ಯೇಸು ಮತ್ತಾಯ 18ರಲ್ಲಿ ಎಲ್ಲ ಶಿಷ್ಯರಿಗೂ ಕೊಡುತ್ತಾರೆ. ಗಲಾತ್ಯ 2ರಲ್ಲಿ ಪೌಲ ಪೇತ್ರನನ್ನು ಎಲ್ಲರ ಮುಂದೆ ಎದುರುನಿಂತು ತಿದ್ದುತ್ತಾನೆ. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೂ ಸುಮ್ನೆ ಒಪ್ಪಲಿಲ್ಲ. ದಿನಾ ಶಾಸ್ತ್ರ ತೆಗೆದು, ಇವನು ಹೇಳುವುದು ಹೌದೋ ಅಲ್ಲವೋ ಅಂತ ನೋಡಿದರು. ಅಪೊಸ್ತಲರ ಕೃತ್ಯಗಳಲ್ಲಿ ಅವರನ್ನು ಹೊಗಳಿದ್ದಾರೆ, ಬೈದಿಲ್ಲ.

1521ರಲ್ಲಿ ಜರ್ಮನಿಯ ವರ್ಮ್ಸ್ ರಾಜಸಭೆಯಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಹೇಳಿದ್ದರ ಸಾರವೂ ಅದೇ. ಪೋಪರೂ ಸಭೆಗಳೂ ತಪ್ಪಿದ್ದುಂಟು. ಶಾಸ್ತ್ರದಿಂದ ತೋರಿಸಿದರೆ ತಿದ್ದಿಕೊಳ್ಳುತ್ತೇನೆ, ಇಲ್ಲದಿದ್ದರೆ ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ. ನಮಗೆ ಬಿಷಪ್ ಬೇಡ ಅಂತ ಅಲ್ಲ. ನಮ್ಮ ಸಿ.ಎಸ್.ಐ.ನಲ್ಲೂ ಬಿಷಪ್ ಇದ್ದಾರೆ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಯವರು ಮದ್ರಾಸಿನಲ್ಲಿ ಒಂದಾದಾಗ, ಬಿಷಪ್ ಅನ್ನುವುದನ್ನು ಬೇಕಂತಲೇ ಇಟ್ಟುಕೊಂಡೆವು. ಆದರೆ ಬಿಷಪ್ಪೂ ವಾಕ್ಯದ ಕೆಳಗೆ, ನಮ್ಮ ಆಡಳಿತ ಮಂಡಳಿಯಾದ ಸಿನೊಡೂ ವಾಕ್ಯದ ಕೆಳಗೆ. ಯಾರ ಮಾತೂ ತಾನಾಗಿಯೇ ಕೊನೆಯ ಮಾತಾಗುವುದಿಲ್ಲ.

ತಂಗಿ, ನೀವು ಮೆಥಡಿಸ್ಟ್ ಅಲ್ವಾ? ನಿಮ್ಮ ಸಭೆಯ 25 ಧರ್ಮಸೂತ್ರಗಳಲ್ಲಿ ಐದನೆಯದನ್ನು ತೆಗೆದು ತಾತನಿಗೆ ಓದಿ. ರಕ್ಷಣೆಗೆ ಬೇಕಾದದ್ದೆಲ್ಲ ಪವಿತ್ರ ಶಾಸ್ತ್ರದಲ್ಲಿದೆ, ಅಲ್ಲಿ ಇಲ್ಲದ್ದನ್ನು, ಅದರಿಂದ ರುಜುವಾತು ಮಾಡಲಾಗದ್ದನ್ನು ವಿಶ್ವಾಸದ ವಿಷಯ ಅಂತ ಯಾರ ಮೇಲೂ ಹೇರಬಾರದು ಅಂತ ಅಲ್ಲಿದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮ್ಮ ತಾತ ಕೇಳಿದ್ದು ಅದನ್ನೇ.

ಇನ್ನೊಂದು, ಸ್ವಂತ ಮನೆಯ ವಿಷಯ. ನನ್ನ ದೊಡ್ಡಕ್ಕ 1963ರಲ್ಲಿ ಕ್ಯಾಥೋಲಿಕ್ ಹುಡುಗನನ್ನು ಮದುವೆಯಾದಳು. ಯಾವ ಊರು, ಯಾವ ಚರ್ಚು ಅನ್ನುವುದು ಬೇಡ. ಆಗ ಮಕ್ಕಳ ಬಗ್ಗೆ ಅವಳೂ ಸಹಿ ಹಾಕಿಕೊಡಬೇಕಾಯಿತು. ಮದುವೆ ಬಲಿಪೀಠದ ಮುಂದೆ ಆಗಲಿಲ್ಲ. ಪಕ್ಕದಲ್ಲಿ ಗುರುಗಳು ಉಡುಪು ಹಾಕಿಕೊಳ್ಳುವ ಕೋಣೆ ಇರುತ್ತದಲ್ಲ, ಅಲ್ಲಿ ಆಯಿತು. ಅಮ್ಮ ಬಾಗಿಲ ಹೊರಗೆ ನಿಂತಿದ್ದಳು, ಒಳಗೆ ಹೋಗಲಿಲ್ಲ. ಆ ಚಿತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಅಧಿಕಾರ ಅಂದಾಗೆಲ್ಲ ನನಗೆ ಆ ಬಾಗಿಲೇ ನೆನಪಾಗುತ್ತದೆ.

ಉಪದೇಶಿ ಮಗ, ಕೆ.ಜಿ.ಎಫ್.

ಮೇಷ್ಟ್ರೇ, ನಿಮ್ಮ ತಾಯಿ ಹೊರಗೆ ನಿಂತದ್ದನ್ನು ಓದಿ ತುಂಬಾ ನೋವಾಯಿತು. ಅದಕ್ಕೆ ಸಮರ್ಥನೆ ಕೊಡಲು ನಾನು ಬರಲಿಲ್ಲ.

ಒಂದು ವಿಷಯ ಮಾತ್ರ ಹೇಳಬೇಕು. ಅದು ನಮ್ಮ ಧರ್ಮಸಭೆಯ ಆಗಿನ 1917ರ ಕಾನೂನು. ಎರಡನೇ ವ್ಯಾಟಿಕನ್ ಸಭೆ ಆದ ಮೇಲೆ, 1970ರಲ್ಲಿ ಆರನೇ ಪೌಲ್ ಪೋಪರು ಅದನ್ನು ಬದಲಾಯಿಸಿದರು. ಈಗಿರುವ 1983ರ ಕಾನೂನಿನಲ್ಲೂ ಕ್ಯಾಥೋಲಿಕ್ ಅಲ್ಲದವರು ಏನನ್ನೂ ಬರೆದುಕೊಡಬೇಕಾಗಿಲ್ಲ. ಮಾತು ಕೊಡುವವರು ಕ್ಯಾಥೋಲಿಕ್ ಕಡೆಯವರು ಮಾತ್ರ. ಅವರು ಏನು ಮಾತು ಕೊಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ಮೊದಲೇ ತಿಳಿಸಬೇಕು, ಅಷ್ಟೆ. ಮದುವೆ ಚರ್ಚಿನ ಒಳಗೇ, ಎಲ್ಲರ ಮುಂದೆಯೇ ಆಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಅಧಿಕಾರದ ಮಾತು ಎಲ್ಲ ಒಂದೇ ತೂಕದ್ದಲ್ಲ. ಕ್ರಿಸ್ತ ದೇವರ ಮಗ, ಪೂಜೆಯಲ್ಲಿ ಕೊಡುವ ರೊಟ್ಟಿಯಲ್ಲಿ, ಅಂದರೆ ಪರಮಪ್ರಸಾದದಲ್ಲಿ ಅವರೇ ಇದ್ದಾರೆ, ಇಂಥದ್ದು ಬದಲಾಗುವುದಿಲ್ಲ. ಮದುವೆಗೆ ಅನುಮತಿ ಪತ್ರ, ಫಾರಂ, ಉಪವಾಸದ ದಿನ, ಪೂಜೆಯ ಭಾಷೆ, ಇವು ಶಿಸ್ತಿನ ವಿಷಯ. ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತವೆ. ಲ್ಯಾಟಿನ್ ಪೂಜೆ ಹೋಗಿ ಕನ್ನಡ ಬಂದ ಹಾಗೆ. ತಾತನಿಗೆ ಹೇಳಿ, ಆ ಫಾರಂ ದೇವರ ವಾಕ್ಯ ಅಂತ ನಾವೂ ಹೇಳುತ್ತಿಲ್ಲ.

ಇನ್ನೊಂದು ವಿಷಯ ಕ್ಯಾಥೋಲಿಕರಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮದುವೆ ಅನ್ನುವ ಸಂಸ್ಕಾರವನ್ನು ಕೊಡುವವರು ಗುರುಗಳಲ್ಲ. ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ನಿಂತ ಸಾಕ್ಷಿ. ತಂಗೀ, ನಿನ್ನ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಒಪ್ಪುತ್ತದೆ, ಮತ್ತೆ ಕೊಡುವುದಿಲ್ಲ. ಹಾಗಾಗಿ ಆ ದಿನ ಬಲಿಪೀಠದ ಮುಂದೆ ನೀನು ಒಬ್ಬ ಕ್ಯಾಥೋಲಿಕನಿಗೆ ಸಂಸ್ಕಾರ ಕೊಡುತ್ತೀಯ. ಮೆಥಡಿಸ್ಟ್ ಹುಡುಗಿ! ಇದನ್ನು ಯೋಚನೆ ಮಾಡು.

ಬಂಗಾರಪೇಟೆ ಜಂಕ್ಷನ್

ನಾನೂ ಮೆಥಡಿಸ್ಟ್. ರೈಲ್ವೆ ಕೆಲಸ, ಸಭೆಯ ಕಮಿಟಿಯಲ್ಲೂ ಇದ್ದೇನೆ. ನಮ್ಮವರು ಒಂದು ಮರೆಯುತ್ತಾರೆ. ನಮ್ಮಲ್ಲೂ ಬಿಷಪ್ ಇದ್ದಾರೆ, ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಇದ್ದಾರೆ. ಕಾನ್ಫರೆನ್ಸಿನಲ್ಲಿ ಯಾವ ಪಾಸ್ಟರ್ ಯಾವ ಊರಿಗೆ ಅಂತ ಬಿಷಪ್ ಹೆಸರು ಓದುತ್ತಾರೆ. ಓದಿದ ಮೇಲೆ ಮುಗಿಯಿತು, ಸಾಮಾನು ಕಟ್ಟಿಕೊಂಡು ಹೊರಡಬೇಕು. ಮಕ್ಕಳ ಸ್ಕೂಲು, ಪಾಸ್ಟರ್ ಹೆಂಡತಿಯ ಕೆಲಸ, ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಹಿಂದಿನ ಪಾಸ್ಟರ್ ಹೊರಟ ದಿನ ಲಾರಿಗೆ ಮಂಚ ಎತ್ತಿಸಿದವನು ನಾನೇ. ವಿಧೇಯತೆ ಕ್ಯಾಥೋಲಿಕರಿಗೆ ಮಾತ್ರ ಅಂತ ಯಾರೂ ಹೇಳಬೇಡಿ.

ಕೈಯಿಡುವ ಸಾಲಿನ ವಿಷಯದಲ್ಲಿ ನಮ್ಮ ಚರಿತ್ರೆ ಬೇರೆ. ಅಮೆರಿಕದಲ್ಲಿ ದೀಕ್ಷಾಸ್ನಾನ, ಪ್ರಭುಭೋಜನ ಕೊಡುವವರಿಲ್ಲದೆ ಜನ ಒದ್ದಾಡುತ್ತಿದ್ದಾಗ, ಇಂಗ್ಲೆಂಡಿನ ಬಿಷಪ್ ಯಾರನ್ನೂ ಅಭಿಷೇಕ ಮಾಡಿ ಕಳಿಸಲಿಲ್ಲ. 1784ರಲ್ಲಿ ನಮ್ಮ ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ತಾವೇ ಕೈಯಿಟ್ಟು ಕಳಿಸಿದರು. ಅವರು ಬಿಷಪ್ ಆಗಿರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಬಿಷಪ್ಪೂ ಹಿರಿಯನೂ ಒಂದೇ ದರ್ಜೆ ಅಂತ ಓದಿ ಮನವರಿಕೆ ಮಾಡಿಕೊಂಡಿದ್ದರು. ಸಾಲು ಕಡಿಯಿತು ಅಂತ ಕ್ಯಾಥೋಲಿಕರು ಹೇಳುತ್ತಾರೆ. ಹಸಿದವರಿಗೆ ಊಟ ಸಿಕ್ಕಿತು ಅಂತ ನಾವು ಹೇಳುತ್ತೇವೆ. ಕೋಲಾರದ ಈ ಸಭೆಗಳಿಗೆ ಬೇರು ಅಲ್ಲೇ ಇದೆ.

ಮುಳಬಾಗಿಲು ಹುಡುಗ

ಉಪದೇಶಿ ಅಣ್ಣ, ಪೋಪ್ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ, ಒಪ್ಪುತ್ತೇನೆ. ಆದರೂ ಒಂದು ಕೇಳುತ್ತೇನೆ. ಕೊನೆಗೆ ವಾಕ್ಯ ದೊಡ್ಡದೋ, ಧರ್ಮಸಭೆ ದೊಡ್ಡದೋ?

ಉಪದೇಶಿ ಮಗ, ಕೆ.ಜಿ.ಎಫ್.

ವಾಕ್ಯವೇ ದೊಡ್ಡದು. ಇದು ನನ್ನ ಮಾತಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಸಭೆಯೇ ಬರೆದಿದೆ, ಬೋಧಿಸುವ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದಕ್ಕೆ ಸೇವೆ ಮಾಡುವಂಥದ್ದು ಅಂತ. ಆದರೆ ವಾಕ್ಯ ಅಂದರೆ ನಮಗೆ ಪುಸ್ತಕ ಮಾತ್ರ ಅಲ್ಲ. ಪ್ರೇಷಿತರು ಬಾಯಿಮಾತಿನಲ್ಲಿ ಕಲಿಸಿ ಹೋದದ್ದೂ ಸೇರಿದೆ. ಬಾಯಿಂದ ಕೇಳಿದ್ದನ್ನೂ ಪತ್ರದಲ್ಲಿ ಬಂದದ್ದನ್ನೂ ಬಿಗಿಯಾಗಿ ಹಿಡಿಯಿರಿ ಅಂತ ಪೌಲರೇ ಥೆಸಲೋನಿಕದವರಿಗೆ ಬರೆದಿದ್ದಾರೆ.

ನಾನೂ ಒಂದು ಕೇಳಲಾ? ಹೊಸ ಒಡಂಬಡಿಕೆಯಲ್ಲಿ 27 ಪುಸ್ತಕ. ಆ ಪಟ್ಟಿ ಸತ್ಯವೇದದ ಯಾವ ಪುಟದಲ್ಲಿದೆ? ಇವೇ 27 ಅಂತ 367ರಲ್ಲಿ ಅಥನಾಸಿಯುಸ್ ಅನ್ನುವ ಬಿಷಪ್ ತಮ್ಮ ಪತ್ರದಲ್ಲಿ ಬರೆದರು. 397ರಲ್ಲಿ ಕಾರ್ತೇಜಿನಲ್ಲಿ ಬಿಷಪ್ಪರು ಕೂತು ಪಟ್ಟಿ ಒಪ್ಪಿದರು. ಆ ಬಿಷಪ್ಪರ ಮಾತು ನಂಬಿಯೇ ನಾವೆಲ್ಲ ಆ ಪುಸ್ತಕ ಕೈಯಲ್ಲಿ ಹಿಡಿದಿದ್ದೇವೆ.

ಮಾವಿನ ತೋಪು, ಶ್ರೀನಿವಾಸಪುರ

ಒಳ್ಳೆಯ ಪ್ರಶ್ನೆ. ಇದಕ್ಕೆ ಕೆ.ಜಿ.ಎಫ್. ಊರಿನ ಮಾತಿನಲ್ಲೇ ಉತ್ತರ ಕೊಡುತ್ತೇನೆ. ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ಇದು ಚಿನ್ನ ಅನ್ನುತ್ತಾನೆ. ಅವನು ಹೇಳಿದ್ದಕ್ಕೆ ಅದು ಚಿನ್ನ ಆಗಲಿಲ್ಲ. ನೆಲದೊಳಗೆ ಇದ್ದಾಗಲೇ ಅದು ಚಿನ್ನ. ಸಭೆ ಆ 27 ಪುಸ್ತಕಗಳನ್ನು ಗುರುತಿಸಿತು, ಹುಟ್ಟಿಸಲಿಲ್ಲ.

ಉಪದೇಶಿ ಮಗ, ಕೆ.ಜಿ.ಎಫ್.

ಒಪ್ಪಿದೆ ಮೇಷ್ಟ್ರೇ. ಆದರೆ ಒರೆ ಹಚ್ಚುವ ಕೈ ತಪ್ಪಿದರೆ ಹಿತ್ತಾಳೆಯೂ ಚಿನ್ನ ಅಂತ ಮಾರಾಟ ಆಗುತ್ತದೆ. ಆ ಒಂದು ಕೆಲಸದಲ್ಲಿ ಕೈ ತಪ್ಪದ ಹಾಗೆ ಪವಿತ್ರಾತ್ಮರು ಕಾದರು ಅಂತ ನೀವೂ ನಂಬಬೇಕು, ಇಲ್ಲವಾದರೆ ಪುಸ್ತಕವೇ ನಿಲ್ಲುವುದಿಲ್ಲ. ನಾವು ಹೇಳುವುದು, ಆ ಕಾವಲು 397ಕ್ಕೆ ನಿಂತುಹೋಗಲಿಲ್ಲ ಅಂತ.

ಮಾವಿನ ತೋಪು, ಶ್ರೀನಿವಾಸಪುರ

ನಮ್ಮಿಬ್ಬರ ವ್ಯತ್ಯಾಸ ನಿಂತಿರುವ ಜಾಗ ಇದೇ. ಕಾವಲು ನಿಂತಿಲ್ಲ ಅಂತ ನಾನೂ ನಂಬುತ್ತೇನೆ. ಆದರೆ ಅದು ಒಂದು ಪೀಠಕ್ಕೆ ಕಟ್ಟಿಕೊಂಡಿದೆ ಅಂತ ನಂಬುವುದಿಲ್ಲ. ಸಭೆ ದಾರಿ ತಪ್ಪಿದಾಗ ದೇವರು ಯಾವುದೋ ಮೂಲೆಯಿಂದ ಒಬ್ಬನನ್ನು ಎಬ್ಬಿಸಿ ವಾಕ್ಯದಿಂದಲೇ ತಿದ್ದುತ್ತಾರೆ.

ಅದಕ್ಕೇ ನಮ್ಮ ಹಿರಿಯರು ಭಾಷೆಗೆ ಅಷ್ಟು ಒದ್ದಾಡಿದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಕನ್ನಡಕ್ಕೆ ತಂದರು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಕೂಲಿ ಮಾಡುವ ಹೆಂಗಸೂ ಓದಿ, ಪಾಸ್ಟರ್ ಅಯ್ಯನವರನ್ನು ನಿಲ್ಲಿಸಿ, ಇದು ಎಲ್ಲಿದೆ ತೋರಿಸಿ ಅಂತ ಕೇಳುವ ಹಾಗೆ ಆಗಬೇಕು ಅನ್ನುವುದೇ ಅವರ ಆಸೆ. ಇನ್ನೊಂದು ಗಮನಿಸಿ. ನೀವು ಧರ್ಮಸಭೆ ಅನ್ನುತ್ತೀರಿ, ನಾವು ಸಭೆ ಅನ್ನುತ್ತೇವೆ. ನೀವು ಪ್ರೇಷಿತರು, ನಾವು ಅಪೊಸ್ತಲರು. ಸಭೆ ಅಂದರೆ ನಮಗೆ ಮೊದಲು ನೆನಪಾಗುವುದು ಕೂಡಿದ ಜನ. ನಿಮಗೆ ರೋಮಿನವರೆಗೆ ಹರಡಿದ ಒಂದು ದೊಡ್ಡ ಮನೆ. ಕನ್ನಡದಲ್ಲೇ ಎರಡು ದಾರಿ ಆಗಿಬಿಟ್ಟಿದೆ.

ಹೊಸ ಬೆಳಕು, ಮಾಲೂರು

ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನಾನು ಒಂಬತ್ತು ವರ್ಷ ಒಂದು ಸ್ವತಂತ್ರ ಸಭೆಯಲ್ಲಿದ್ದೆ. ಹೆಸರು ಬೇಡ. ಪೋಪ್ ಇಲ್ಲ, ಬಿಷಪ್ ಇಲ್ಲ, ಸಿನೊಡ್ ಇಲ್ಲ. ಸತ್ಯವೇದ ಒಂದೇ ಅಂತ ಹೇಳುತ್ತಿದ್ದರು. ನಾನೂ ಹೆಮ್ಮೆಪಟ್ಟೆ. ನಿಧಾನಕ್ಕೆ ಪಾಸ್ಟರ್ ಹೇಳಿದ್ದೇ ವಾಕ್ಯ ಆಯಿತು. ನನ್ನ ತಂಗಿಗೆ ಬಂದ ಸಂಬಂಧವನ್ನು, ಕರ್ತನು ಬೇಡ ಅಂತ ನನಗೆ ತೋರಿಸಿದ್ದಾನೆ ಅಂತ ಹೇಳಿ ಬಿಡಿಸಿದರು. ಯಾವ ವಚನ ಅಂತ ಕೇಳಿದ್ದಕ್ಕೆ, ಅಭಿಷಿಕ್ತನನ್ನು ಮುಟ್ಟಬೇಡ ಅಂದರು. ಲೆಕ್ಕ ಕೇಳಿದವರನ್ನು ಎಲ್ಲರೆದುರು ಎದ್ದು ನಿಲ್ಲಿಸಿದರು. ದೂರು ಕೊಡೋಣ ಅಂದರೆ ಯಾರಿಗೆ? ಅವರ ಮೇಲೆ ಯಾರೂ ಇರಲಿಲ್ಲ.

ಉಪದೇಶಿ ಅಣ್ಣ, ಮೇಷ್ಟ್ರು ಇಬ್ಬರೂ ಪುಣ್ಯವಂತರು. ನಿಮಗೆ ಕೇಳುವುದಕ್ಕೆ ಒಂದು ಜಾಗ ಇದೆ. ಕಾನೂನು ಬರೆದಿಟ್ಟಿದೆ. ನಮಗೆ ಅದೂ ಇರಲಿಲ್ಲ. ಬೆಟ್ಟದ ತಪ್ಪಲು ಅಕ್ಕ, ನಿಮ್ಮ ಮುಂದೆ ಇಟ್ಟ ಫಾರಮ್ಮಿನಲ್ಲಿ ಏನಿದೆ ಅಂತ ನೀವು ಓದಬಹುದು, ಬೇಡ ಅನ್ನಬಹುದು. ನನ್ನ ತಂಗಿಗೆ ಬರೆದ ಕಾಗದವೇ ಇರಲಿಲ್ಲ. ಈಗ ನಾನು ಊರಿನ ಸಿ.ಎಸ್.ಐ. ಸಭೆಗೆ ಹೋಗುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಉಪದೇಶಿ ಮಗ, ಕೆ.ಜಿ.ಎಫ್.

ತಮ್ಮಾ, ನಮ್ಮಲ್ಲೂ ದೂರು ಕೊಟ್ಟು ವರ್ಷಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಕಾನೂನು ಬರೆದಿದ್ದರೆ ಸಾಲದು, ಕಿವಿಯೂ ಬೇಕು. ನಿನ್ನ ತಂಗಿಗಾಗಿ ಇವತ್ತು ಜಪಸರ ಹೇಳುತ್ತೇನೆ.

ರೇಷ್ಮೆಗೂಡು, ಶಿಡ್ಲಘಟ್ಟ

ತಂಗಿ, ನಾನು ಸಿ.ಎಸ್.ಐ., ನನ್ನ ಯಜಮಾನರು ಕ್ಯಾಥೋಲಿಕ್. ಮದುವೆಯಾಗಿ ಹದಿನೆಂಟು ವರ್ಷ. ಶಾಸ್ತ್ರದ ಮಾತು ಗಂಡಸರು ಬೇಕಾದಷ್ಟು ಹೇಳಿದ್ದಾರೆ. ಮನೆಯೊಳಗೆ ಇದು ಎಲ್ಲಿ ಚುಚ್ಚುತ್ತದೆ ಅಂತ ನಾನು ಹೇಳುತ್ತೇನೆ.

ಸಹಿಯಲ್ಲಿ ಅಲ್ಲ. ಸಹಿ ಮರೆತುಹೋಗುತ್ತದೆ. ಚುಚ್ಚುವುದು ಪರಮಪ್ರಸಾದದ ಸಾಲಿನಲ್ಲಿ. ನನ್ನ ಮಗಳ ಮೊದಲ ಪರಮಪ್ರಸಾದದ ದಿನ. ಬಿಳಿ ಫ್ರಾಕು ನಾನೇ ಹೊಲಿದಿದ್ದೆ. ತಲೆಗೆ ಮಲ್ಲಿಗೆ ಮುಡಿಸಿದ್ದೆ. ಅಪ್ಪ, ಮಗಳು ಇಬ್ಬರೂ ಎದ್ದು ಹೋದರು. ನಾನು ಬೆಂಚಿನಲ್ಲೇ ಕೂತೆ. ಬೆಂಚಿನಲ್ಲಿ ನಾನೊಬ್ಬಳೇ. ನಮ್ಮ ಸಭೆಗೆ ಬಂದರೆ ಯಜಮಾನರನ್ನು ಯಾರೂ ತಡೆಯುವುದಿಲ್ಲ, ಆದರೆ ಅವರ ಕಾನೂನು ಬಿಡದ ಕಾರಣ ಅವರೂ ತಗೊಳ್ಳುವುದಿಲ್ಲ.

ಯಾಕೆ ಹೀಗೆ ಅಂತ ನಮ್ಮ ಫಾದರನ್ನೇ ಕೇಳಿದೆ. ಅವರು ಹೇಳಿದ್ದು ನನಗೆ ಅರ್ಥವಾಯಿತು, ನೋವು ಮಾತ್ರ ಹೋಗಲಿಲ್ಲ. ಆ ರೊಟ್ಟಿ ತಗೊಳ್ಳುವುದು ಅಂದರೆ, ಅದನ್ನು ಅರ್ಪಿಸಿದ ಗುರು, ಆ ಗುರುವಿನ ಮೇಲೆ ಕೈಯಿಟ್ಟ ಬಿಷಪ್, ಆ ಬಿಷಪ್ ಜೊತೆಗಿರುವ ಪೋಪ್, ಈ ಇಡೀ ಒಕ್ಕೂಟಕ್ಕೆ ಆಮೆನ್ ಅಂದ ಹಾಗಂತೆ. ಪೂಜೆಯಲ್ಲಿ ಪೋಪರ ಹೆಸರು, ಬಿಷಪ್ಪರ ಹೆಸರು ಹೇಳುವುದು ಅದಕ್ಕೇ ಅಂತೆ. ಹದಿನೆಂಟು ವರ್ಷ ಪ್ರತಿ ಭಾನುವಾರ ಆ ಹೆಸರು ಕೇಳಿದ್ದೆ, ಯಾಕೆ ಅಂತ ಅವತ್ತು ಗೊತ್ತಾಯಿತು. ಅಧಿಕಾರದ ಮಾತು ರೋಮಿನಲ್ಲಿ ಎಲ್ಲೋ ಇದೆ ಅಂದುಕೊಂಡಿದ್ದೆ. ಅದು ಬಂದು ನನ್ನ ಬೆಂಚಿನಲ್ಲೇ ಕೂತಿತ್ತು.

ನಮ್ಮ ಸಿ.ಎಸ್.ಐ.ನಲ್ಲಿ ಹೆಂಗಸರೂ ಅಯ್ಯನವರಾಗುತ್ತಾರೆ. 2013ರಲ್ಲಿ ನಂದ್ಯಾಲದಲ್ಲಿ ಒಬ್ಬರು ಬಿಷಪ್ಪೂ ಆದರು. ಮಗಳು ಕೇಳಿದಳು, ನಾನು ಫಾದರ್ ಆಗಬಹುದಾ ಅಂತ. ಯಜಮಾನರು, 1994ರಲ್ಲಿ ಪೋಪ್ ಜಾನ್ ಪೌಲ್ ಅದನ್ನು ಬದಲಾಯಿಸುವ ಅಧಿಕಾರ ಧರ್ಮಸಭೆಗೇ ಇಲ್ಲ ಅಂತ ಬರೆದಿದ್ದಾರೆ ಅಂದರು. ಪೋಪರಿಗೂ ಅಧಿಕಾರ ಇಲ್ಲದ ಜಾಗ ಇದೆ ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಮಗಳು ಸುಮ್ಮನಾದಳು, ಆದರೆ ಒಪ್ಪಿದಳು ಅಂತ ನನಗೆ ಅನಿಸಲಿಲ್ಲ.

ಇಷ್ಟೆಲ್ಲ ಹೇಳಿದರೂ, ಮದುವೆ ಬೇಡ ಅಂತ ನಿನಗೆ ಹೇಳಲ್ಲ. ಮಕ್ಕಳ ವಿಷಯ ಮಾತ್ರ ಮದುವೆಗೆ ಮುಂಚೆಯೇ ನೀವಿಬ್ಬರೂ ಬಾಯಿಬಿಟ್ಟು ಮಾತಾಡಿ. ಆಮೇಲೆ ಅತ್ತೆ ಮಾವ ಮಾತಾಡುವ ಹಾಗೆ ಬಿಡಬೇಡಿ.

ಬಂಗಾರಪೇಟೆ ಜಂಕ್ಷನ್

ರೇಷ್ಮೆಗೂಡು ಅಕ್ಕ, ನಿಮ್ಮ ಬೆಂಚು ಓದಿ ಮಾತು ಬರಲಿಲ್ಲ.

ತಂಗಿ, ಒಂದು ಉಪಯೋಗದ ವಿಷಯ. ಮದುವೆ ನಮ್ಮ ಮೆಥಡಿಸ್ಟ್ ಚರ್ಚಿನಲ್ಲೇ ಆಗಬೇಕು ಅಂತ ತಾತನಿಗೆ ಆಸೆ ಇದ್ದರೆ, ಅದಕ್ಕೂ ಅವರ ಬಿಷಪ್ ಬೇರೆ ಅನುಮತಿ ಕೊಡಬಹುದು. ತಕ್ಕ ಕಾರಣ ಇರಬೇಕು. ನನ್ನ ಅಣ್ಣನ ಮಗಳಿಗೆ ಹಾಗೇ ಆಯಿತು. ಆದರೆ ಬೆಳಗ್ಗೆ ಇಲ್ಲಿ, ಸಂಜೆ ಅಲ್ಲಿ ಅಂತ ಎರಡು ಸಲ ಪ್ರಮಾಣ ಮಾಡಿಸುವಂತಿಲ್ಲ. ಒಪ್ಪಿಗೆಯ ಮಾತು ಒಂದೇ ಸಲ. ಇನ್ನೊಂದು ಸಭೆಯ ಪಾಸ್ಟರ್ ಬಂದು ವಾಕ್ಯ ಓದಬಹುದು, ಪ್ರಾರ್ಥನೆ ಮಾಡಬಹುದು.

ಬೆಟ್ಟದ ತಪ್ಪಲು, ಕೋಲಾರ

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು.

ನೀವು ಬರೆದದ್ದನ್ನೆಲ್ಲ ತಾತನಿಗೆ ಓದಿ ಹೇಳಿದೆ. ಐದನೇ ಸೂತ್ರ ಅವರಿಗೆ ಬಾಯಿಪಾಠ ಇತ್ತು. ಮೇಷ್ಟ್ರ ಅಕ್ಕನ ಮದುವೆಯ ವಿಷಯ ಬಂದಾಗ ಮತ್ತೊಂದು ಸಲ ಓದು ಅಂದರು. ನಾನು ಸಹಿ ಹಾಕಬೇಕಾಗಿಲ್ಲ ಅಂತ ಗೊತ್ತಾದ ಮೇಲೆ, ಫಾದರನ್ನು ತಾವೇ ನೋಡಬೇಕು ಅಂದರು. ಶನಿವಾರ ಕರೆದುಕೊಂಡು ಹೋದೆವು. ಪ್ಲಾಸ್ಟರ್ ಸುತ್ತಿದ ಸತ್ಯವೇದ ಚೀಲದಲ್ಲಿತ್ತು.

ಫಾದರ್ ಮೇಜಿನ ಮೇಲೆ ಅವರ ಪವಿತ್ರ ಬೈಬಲ್. 73 ಪುಸ್ತಕದ್ದು, ದಪ್ಪ. ಪಕ್ಕದಲ್ಲಿ ತಾತ ತಮ್ಮ 66 ಪುಸ್ತಕದ್ದನ್ನು ಇಟ್ಟರು. ಬಂಡೆಯ ವಿಷಯ ಎತ್ತಲಿಲ್ಲ. "ಪೇತ್ರನೇ ಬರೆದದ್ದನ್ನು ಓದಲಾ ಫಾದರ್" ಅಂತ ಕೇಳಿ, ಅವನ ಮೊದಲ ಪತ್ರದ ಐದನೇ ಅಧ್ಯಾಯ ತೆಗೆದರು. ಅಲ್ಲಿ ಪೇತ್ರ ತನ್ನನ್ನು ಜೊತೆಹಿರಿಯ ಅಂತ ಕರೆದುಕೊಳ್ಳುತ್ತಾನೆ. ಮಂದೆಯ ಮೇಲೆ ದೊರೆತನ ಮಾಡಬೇಡಿ, ಮಾದರಿಯಾಗಿರಿ ಅಂತ ಹಿರಿಯರಿಗೆ ಹೇಳುತ್ತಾನೆ. ಓದಿ ಮುಗಿಸಿ ಕನ್ನಡಕ ತೆಗೆದು, "ಅಧಿಕಾರದ ಬಗ್ಗೆ ಅವನ ಮಾತು ಇದು. ನಿಮ್ಮಲ್ಲಿ ಇದನ್ನು ಓದ್ತೀರಾ?" ಅಂದರು.

ಫಾದರ್ ಎದ್ದು ಶೆಲ್ಫಿನಿಂದ ಪೂಜೆಯ ವಾಚನಗಳ ಪುಸ್ತಕ ತಂದರು. ಫೆಬ್ರವರಿ 22 ಅವರಿಗೆ ಸಂತ ಪೇತ್ರರ ಪೀಠದ ಹಬ್ಬವಂತೆ. ಆ ದಿನದ ಪುಟ ತೆಗೆದು ತಾತನ ಮುಂದೆ ತಿರುಗಿಸಿ ಇಟ್ಟರು. ಮೊದಲ ವಾಚನ ಅದೇ. ಪೇತ್ರನ ಮೊದಲ ಪತ್ರ, ಐದನೇ ಅಧ್ಯಾಯ, ಒಂದರಿಂದ ನಾಲ್ಕು. ಅದಾದ ಮೇಲೆ ಶುಭಸಂದೇಶದಲ್ಲಿ ಬಂಡೆಯ ಮಾತು, ಮತ್ತಾಯ 16.

ತಾತ ಬೆರಳಿಟ್ಟು ಸಾಲುಸಾಲಾಗಿ ಓದಿದರು. ಆಮೇಲೆ, "ಪೀಠದ ಹಬ್ಬದ ದಿನವೇ?" ಅಂತ ಕೇಳಿದರು. ಫಾದರ್, "ಹೌದು ತಾತ, ಪ್ರತಿ ವರ್ಷ ನಮಗೇ ಕೇಳಿಸಲಿ ಅಂತ" ಅಂದರು.

ತಾತ ಬದಲಾಗಲಿಲ್ಲ. ಪೋಪರ ವಿಷಯದಲ್ಲಿ ಅವರ ನಂಬಿಕೆ ಮೊದಲಿನ ಹಾಗೇ ಇದೆ, ಫಾದರಿಗೆ ಅದನ್ನು ಮುಖಕ್ಕೇ ಹೇಳಿದರು. ಮಕ್ಕಳ ವಿಷಯ ನಾನೂ ಹುಡುಗನೂ ಮೂರು ಸಂಜೆ ಮಾತಾಡಿದೆವು. ಅವರು ತಮ್ಮ ಮಾತಿಗೆ ಸಹಿ ಹಾಕಿದರು. ನಾನು ಮಕ್ಕಳಿಗೆ ನಮ್ಮ ಕೀರ್ತನೆ ಕಲಿಸುತ್ತೇನೆ, ತಾತನ ಸತ್ಯವೇದ ಓದಿಸುತ್ತೇನೆ, ನಮ್ಮ ಸಭೆಗೂ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಒಪ್ಪಿದರು. ನನಗೆ ಪೂರ್ತಿ ಸಮಾಧಾನ ಆಗಿದೆ ಅಂತ ಹೇಳಲಾರೆ. ಶಿಡ್ಲಘಟ್ಟದ ಅಕ್ಕನ ಬೆಂಚು ಕಣ್ಣಮುಂದೆ ಇದೆ.

ಮದುವೆ ಅವರ ಚರ್ಚಿನಲ್ಲಿ. ವಾಕ್ಯ ಓದುವವರು ತಾತ. ಯಾವ ಭಾಗ ಅಂತ ಫಾದರ್ ಕೇಳಿದ್ದಕ್ಕೆ, ಪುಸ್ತಕ ನನ್ನದೇ ತರುತ್ತೇನೆ, ಭಾಗ ನೀವು ಹೇಳಿ ಅಂದರು.

ಮಾವಿನ ತೋಪು, ಶ್ರೀನಿವಾಸಪುರ

ಒಳಗೇ ತಾನೇ ಮಗಳೇ, ಬಲಿಪೀಠದ ಮುಂದೆ?

ಬೆಟ್ಟದ ತಪ್ಪಲು, ಕೋಲಾರ

ಹೌದು ಮೇಷ್ಟ್ರೇ, ಬಲಿಪೀಠದ ಮುಂದೆಯೇ. ನಿಮ್ಮ ಅಕ್ಕನವರು ಬರುವ ಹಾಗಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಜಾಗ ಇಟ್ಟಿರುತ್ತೇನೆ.